ಕೆರೆದು ಹಾಕಬೇಕೇ, ಮುಂದುವರಿಸಬೇಕೇ?

ಧರ್ಮಕೇಂದ್ರದ ಹಬ್ಬಕ್ಕೆಂದು ನಾಟಕ ಬರೆಯಲು ಕುಳಿತವರು, ಹಳೆಯ ಕೀರ್ತನೆಗಳನ್ನು ಕಲೆಹಾಕಿ ಗೀತಪುಸ್ತಕ ಸಿದ್ಧಪಡಿಸುತ್ತಿರುವವರು, ಮನೆತನದ ಚರಿತ್ರೆಯನ್ನು ಮಕ್ಕಳಿಗಾಗಿ ಬರೆದಿಡಬೇಕೆಂದು ನೋಟ್‌ಬುಕ್ಕುಗಳನ್ನು ತುಂಬಿಸುತ್ತಿರುವ ಹಿರಿಯರು ನಮ್ಮ ಸಮುದಾಯದಲ್ಲಿ ಕಡಮೆಯೇನಿಲ್ಲ. ಇವರಲ್ಲಿ ಬಹುಮಂದಿಗೆ ಅರ್ಧದಾರಿಯಲ್ಲಿ ಒಂದೇ ಪ್ರಶ್ನೆ ಎದುರಾಗುತ್ತದೆ. ಕೆಲಸ ಸರಿಹೋಗುತ್ತಿಲ್ಲ, ಮಾಡಿದ್ದೂ ಕಡಮೆಯಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿ ಮೊದಲಿನಿಂದ ತೊಡಗಬೇಕೇ, ಹಲ್ಲು ಕಚ್ಚಿ ಮುಂದುವರಿಸಬೇಕೇ?

ನಮ್ಮ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ನೇಗಿಲಿಗೆ ಕೈಹಾಕಿ ಹಿಂದಿರುಗಿ ನೋಡುವವನ ಕುರಿತು ಶುಭಸಂದೇಶದಲ್ಲಿರುವ ಮಾತನ್ನು ಹಿರಿಯರು ನೆನಪಿಸುತ್ತಾರೆ, ಮುಂದುವರಿಸು ಎನ್ನುತ್ತಾರೆ. ಆ ಮಾತು ದೇವರ ರಾಜ್ಯಕ್ಕಾಗಿ ಹೊರಟವರನ್ನು ಕುರಿತದ್ದು, ಮೂರನೆಯ ಅಂಕದಲ್ಲಿ ಸಿಕ್ಕಿಕೊಂಡ ನಾಟಕವನ್ನು ಕುರಿತದ್ದಲ್ಲ. ಅದೇ ಪವಿತ್ರ ಗ್ರಂಥದಲ್ಲಿ ಪ್ರವಾದಿ ಯೆರೆಮೀಯನು ಕುಂಬಾರನ ಮನೆಗೆ ಹೋದ ಪ್ರಸಂಗವೂ ಇದೆ. ಚಕ್ರದ ಮೇಲೆ ಕೆಟ್ಟುಹೋದ ಪಾತ್ರೆಯನ್ನು ಆ ಕುಂಬಾರ ಹಾಗೆಯೇ ಮುಗಿಸುವುದಿಲ್ಲ, ಜೇಡಿಮಣ್ಣನ್ನು ಹೊರಗೆ ಎಸೆಯುವುದೂ ಇಲ್ಲ. ಅದೇ ಮಣ್ಣಿನಿಂದ ಇನ್ನೊಂದು ಪಾತ್ರೆಯನ್ನು ಮಾಡುತ್ತಾನೆ.

ಈ ವಿಷಯವನ್ನು ಉಪದೇಶದ ಮಾತಿನಿಂದ ಬಗೆಹರಿಸುವುದಕ್ಕಿಂತ ಒಬ್ಬ ಕಲಾವಿದನ ಬಾಳಿನ ಬೆಳಕಿನಲ್ಲಿ ನೋಡುವುದು ಉತ್ತಮವೆಂದು ನಮಗೆ ತೋರುತ್ತದೆ. 1475ರಲ್ಲಿ ಹುಟ್ಟಿ 1564ರಲ್ಲಿ ರೋಮಿನಲ್ಲಿ ತೀರಿಕೊಂಡ ಮೈಕೆಲೇಂಜೆಲೊ ಬೇಸರದ ಕೆಲಸವೊಂದನ್ನು ಹಿಡಿದು ಮುಗಿಸಿದ್ದಾನೆ, ಮಾಡಿದ್ದನ್ನು ಕೆರೆದು ತೆಗೆದಿದ್ದಾನೆ, ಸ್ವಂತ ಶಿಲ್ಪವನ್ನು ಸುತ್ತಿಗೆಯಿಂದ ಒಡೆದಿದ್ದಾನೆಂದೂ ಪ್ರತೀತಿಯಿದೆ. ಆತ ಬರೆದ ಪತ್ರಗಳು ಉಳಿದಿವೆ. ಆತನನ್ನು ಕಣ್ಣಾರೆ ಕಂಡಿದ್ದ ವಸಾರಿ ಮತ್ತು ಕೊಂದಿವಿ ಎಂಬ ಇಬ್ಬರು ಬರೆದ ಜೀವನ ಚರಿತ್ರೆಗಳಿವೆ. ಗಾರೆಯನ್ನೂ ಕಲ್ಲನ್ನೂ ಇತ್ತೀಚೆಗೆ ಪರೀಕ್ಷಿಸಿದ ಜೀರ್ಣೋದ್ಧಾರಕರ ವರದಿಗಳೂ ಇವೆ.

ಮೊದಲು ಗೋಡೆಚಿತ್ರದ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿದುಕೊಳ್ಳಬೇಕು. ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಕಂಡ ವಾಚಕರಿಗೆ ಇದು ಅಪರಿಚಿತವಲ್ಲ. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಯೇಸುಸಭೆಯ ಸೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಆ ಗೋಡೆಗಳನ್ನು ಚಿತ್ರಿಸಿದರು. ಅವರು ಬಳಸಿದ ಫ್ರೆಸ್ಕೋ ಪದ್ಧತಿಯೇ ರೋಮಿನದೂ ಹೌದು. ಒರಟು ಗಾರೆಯ ಮೇಲೆ ನಯವಾದ ಸುಣ್ಣದ ಗಾರೆಯನ್ನು, ಆ ದಿನ ಬಿಡಿಸಲು ಸಾಧ್ಯವಾಗುವಷ್ಟು ಜಾಗಕ್ಕೆ ಮಾತ್ರ, ಬಳಿಯುತ್ತಾರೆ. ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಲ್ಲಿನಂತೆ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೆ ಸೆರೆಯಾಗುತ್ತದೆ. ಶತಮಾನಗಳ ಕಾಲ ಅದು ಉಳಿಯುವುದು ಹೀಗೆ. ಆದರೆ ಗಾರೆ ಒಣಗಿದ ಮೇಲೆ ತಿದ್ದಲು ಬಾರದು. ಮೇಲಿನಿಂದ ಅಂಟು ಬೆರೆಸಿ ಹಚ್ಚಿದ ಬಣ್ಣ ಬಹುಕಾಲ ನಿಲ್ಲದು. ತಪ್ಪಾದರೆ ಉಳಿ ಹಿಡಿದು ಆ ದಿನದ ಗಾರೆಯನ್ನು ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಹೀಗೆ ಒಂದು ದಿನಕ್ಕೆ ಬಳಿದ ಪಾಲನ್ನು ಇಟಲಿಯವರು ಜೊರ್ನಾತಾ ಎನ್ನುತ್ತಾರೆ. ಎರಡು ಪಾಲುಗಳು ಕೂಡುವ ಗೆರೆಯನ್ನು ಹತ್ತಿರದಿಂದ ನೋಡಿದರೆ ಇಂದಿಗೂ ಗುರುತಿಸಬಹುದು. ಆದ್ದರಿಂದಲೇ ಯಾವ ಚಿತ್ರಕ್ಕೆ ಎಷ್ಟು ದಿನ ಹಿಡಿಯಿತೆಂದು ಲೆಕ್ಕ ಹಾಕಲು ಸಾಧ್ಯವಾಗಿದೆ.

ಜಗದ್ಗುರು ಎರಡನೆಯ ಜೂಲಿಯಸ್‌ರವರು ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಲಯದ ಕಮಾನು ಛಾವಣಿಯನ್ನು ಚಿತ್ರಿಸುವ ಕೆಲಸವನ್ನು 1508ರಲ್ಲಿ ಮೈಕೆಲೇಂಜೆಲೊನಿಗೆ ವಹಿಸಿದರು. 2025ರ ಮೇ ತಿಂಗಳಲ್ಲಿ ಕಾರ್ಡಿನಲರು ಜಗದ್ಗುರು 14ನೆಯ ಲಿಯೋರವರನ್ನು ಆರಿಸಿದ್ದು ಇದೇ ಛಾವಣಿಯ ಕೆಳಗೆ. ಕಲಾವಿದನಿಗೆ ಆಗ 33 ವರ್ಷ. ತಾನು ಶಿಲ್ಪಿ, ಚಿತ್ರಕಾರನಲ್ಲ ಎಂಬುದು ಆತನ ಹಟ. ಮೊದಲ ಯೋಜನೆಯ ಪ್ರಕಾರ ಹನ್ನೆರಡು ಮಂದಿ ಪ್ರೇಷಿತರನ್ನು ಬಿಡಿಸಿ ಉಳಿದ ಜಾಗವನ್ನು ಅಲಂಕಾರದಿಂದ ತುಂಬಿಸಬೇಕಾಗಿತ್ತು. ಇದು ಬಡಕಲು ಕೆಲಸವಾದೀತೆಂದು ತಾನು ಜಗದ್ಗುರುಗಳಿಗೆ ಹೇಳಿದೆನೆಂದೂ, ಏಕೆಂದು ಅವರು ಕೇಳಿದಾಗ ಪ್ರೇಷಿತರೂ ಬಡವರೇ ತಾನೆ ಎಂದು ಉತ್ತರಿಸಿದೆನೆಂದೂ ಆತ 1523ರ ಪತ್ರವೊಂದರಲ್ಲಿ ನೆನಪಿಸಿಕೊಂಡಿದ್ದಾನೆ. ಹಾಗೆ ಹಳೆಯ ಯೋಜನೆ ಬಿದ್ದುಹೋಗಿ, ಆದಿಕಾಂಡದ ಸೃಷ್ಟಿಯಿಂದ ನೋವನವರೆಗಿನ ಕಥೆ ಛಾವಣಿಗೇರಿತು. ಕಾಗದದ ಮೇಲಿರುವಾಗಲೇ ಕೈಬಿಟ್ಟದ್ದರಿಂದ ಇದರಲ್ಲಿ ಆದ ನಷ್ಟ ಅಲ್ಪ.

ನಿಜವಾದ ಸಂಕಟ ಅಟ್ಟಣಿಗೆ ಏರಿದ ಮೇಲೆ ಬಂತು. ಜಲಪ್ರಳಯದ ಚಿತ್ರವನ್ನು ಮುಗಿಸುವಷ್ಟರಲ್ಲಿ ಗೋಡೆಯ ಮೇಲೆ ಬೂಷ್ಟು ಕಾಣಿಸಿಕೊಂಡಿತು. ಆಕೃತಿಗಳೇ ಸರಿಯಾಗಿ ಕಾಣದಷ್ಟು ಹಬ್ಬಿತೆಂದು ಕೊಂದಿವಿ ಬರೆಯುತ್ತಾನೆ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಸುಣ್ಣ ಬಳಿಸಿ ಆಟಿ ತಿಂಗಳಲ್ಲಿ ಗೋಡೆ ನೋಡಿದವರಿಗೆ ಆ ನಿರಾಶೆ ಏನೆಂದು ವಿವರಿಸಬೇಕಾಗಿಲ್ಲ. 1509ರ ಜನವರಿ 27ರಂದು ತಂದೆಗೆ ಬರೆದ ಪತ್ರದಲ್ಲಿ, ಕೆಲಸ ಸಂಬಳ ಕೇಳುವ ಮಟ್ಟಿಗೆ ಮುಂದುವರಿದಿಲ್ಲ, ಇದು ತನ್ನ ಕಸುಬಲ್ಲ, ಸಮಯ ವ್ಯರ್ಥವಾಗುತ್ತಿದೆ ಎಂಬ ಅಳಲು ಇದೆ. ಕೊನೆಗೆ ಆತ ಜಗದ್ಗುರುಗಳ ಬಳಿಗೆ ಹೋಗಿ, ಇದು ತನ್ನ ಕಲೆಯಲ್ಲವೆಂದು ಮೊದಲೇ ಹೇಳಿದ್ದೆ, ಮಾಡಿದ್ದು ಹಾಳಾಯಿತು, ನಂಬದಿದ್ದರೆ ಯಾರನ್ನಾದರೂ ಕಳುಹಿಸಿ ನೋಡಿ ಎಂದು ಅರಿಕೆ ಮಾಡಿಕೊಂಡನಂತೆ.

ಜೂಲಿಯಸ್‌ರವರು ಮುಂಗೋಪಕ್ಕೆ ಹೆಸರಾದವರು. ಆದರೆ ಅಂದು ಅವರು ಗದರಲಿಲ್ಲ. ಜುಲಿಯಾನೊ ದ ಸಂಗಾಲ್ಲೊ ಎಂಬ ಅನುಭವಿ ವಾಸ್ತುಶಿಲ್ಪಿಯನ್ನು ಅಟ್ಟಣಿಗೆಗೆ ಕಳುಹಿಸಿದರು. ಸಂಗಾಲ್ಲೊ ಗಾರೆಯನ್ನು ನೋಡಿ, ಅದರಲ್ಲಿ ನೀರು ಹೆಚ್ಚಾಗಿದೆ, ಆ ತೇವ ಹೊರಬಂದು ಬೂಷ್ಟಾಗಿದೆ ಎಂದ. ಫ್ಲೋರೆನ್ಸಿನ ಮೈಕೆಲೇಂಜೆಲೊ ಕಲಿತದ್ದು ಮರಳು ಬೆರೆಸಿದ ಗಾರೆ. ರೋಮಿನಲ್ಲಿ ಸುಣ್ಣಕ್ಕೆ ಬೆರೆಸುವುದು ಪೊಝೊಲಾನಾ ಎಂಬ ಜ್ವಾಲಾಮುಖಿಯ ಬೂದಿಮಣ್ಣು. ಅಲ್ಲಿನ ಸುಣ್ಣ ಬೇಗ ಒಣಗುವುದಿಲ್ಲ, ಚಳಿಗಾಲದಲ್ಲಂತೂ ಇನ್ನೂ ನಿಧಾನ. ನೀರು ಕಡಮೆ ಮಾಡುವ ಕ್ರಮವನ್ನು ಸಂಗಾಲ್ಲೊ ತೋರಿಸಿಕೊಟ್ಟ, ಕೆಲಸ ಮುಂದುವರಿಯಿತು.

ಈ ಚಿಕ್ಕ ಘಟನೆಯನ್ನು ನಾವು ತುಸು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಕಲಾವಿದ ತನ್ನ ಪ್ರತಿಭೆಯನ್ನೇ ಶಂಕಿಸಿದ್ದ. ದೋಷವಿದ್ದದ್ದು ಗಾರೆಯ ಬಾನಿಯಲ್ಲಿ. ಸೋತೆನೆಂದು ಬಂದ ಮಗನಿಗೆ, ಮಗಳಿಗೆ ನಾವು ಧೈರ್ಯ ಹೇಳುತ್ತೇವೆ, ನೊವೇನ ಮಾಡು ಎನ್ನುತ್ತೇವೆ. ಅದು ಒಳ್ಳೆಯದೇ. ಅದರೊಡನೆ ಸುಣ್ಣ ಬಲ್ಲವನೊಬ್ಬನನ್ನು ಕಳುಹಿಸಿಕೊಟ್ಟರೆ ಇನ್ನೂ ಒಳ್ಳೆಯದು. ನಾಟಕ ಬಿದ್ದುಹೋಗುತ್ತಿರುವುದು ಬರೆದವರಿಗೆ ಬರೆಯಲು ಬಾರದ್ದರಿಂದಲೋ, ಮೊದಲ ದೃಶ್ಯದಲ್ಲೇ ಹತ್ತು ಪಾತ್ರಗಳನ್ನು ತಂದು ನಿಲ್ಲಿಸಿದ್ದರಿಂದಲೋ ಎಂಬುದನ್ನು ಬರೆದವರಿಗಿಂತ ಚೆನ್ನಾಗಿ ನಾಟಕವಾಡಿಸಿ ಬಲ್ಲ ಇನ್ನೊಬ್ಬರು ಹೇಳಬಲ್ಲರು.

ಹಾಗಾದರೆ ಮೈಕೆಲೇಂಜೆಲೊ ಏನನ್ನೂ ಕೆರೆಯಲಿಲ್ಲವೇ? ಕೆರೆದ. ಜಾನ್ಲುಯಿಜಿ ಕೊಲಲೂಚಿಯವರ ನೇತೃತ್ವದಲ್ಲಿ 1980ರಲ್ಲಿ ಆರಂಭವಾದ ಛಾವಣಿಯ ಜೀರ್ಣೋದ್ಧಾರದ ವೇಳೆ ಗಾರೆಯ ಗೆರೆಗಳನ್ನು ಪರಿಶೀಲಿಸಿದಾಗ, ಜಲಪ್ರಳಯದ ಚಿತ್ರದ ಹೆಚ್ಚಿನ ಪಾಲನ್ನು ಆತ ಕೆತ್ತಿ ತೆಗೆದು ಮತ್ತೆ ಬರೆದಿರುವುದು ಕಂಡುಬಂತು. ಬಂಡೆಯ ಮೇಲೆ ಗುಡಾರದ ಬಟ್ಟೆಯ ಕೆಳಗೆ ಮುದುಡಿಕೊಂಡ ಜನರ ಗುಂಪು ಮಾತ್ರ ಮೊದಲ ಯತ್ನದ್ದು. ಅದನ್ನು ಉಳಿಸಿಕೊಂಡು ಉಳಿದುದನ್ನು ಅದರ ಸುತ್ತ ಹೊಸದಾಗಿ ಕಟ್ಟಿದ್ದಾನೆ. ಆ ಒಂದು ಚಿತ್ರಕ್ಕೆ ಒಟ್ಟು 29 ದಿನಗಳ ಗಾರೆ ಹಿಡಿದಿದೆ.

1511ರ ಆಗಸ್ಟಿನಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಹೊತ್ತಿಗೆ, ಅರ್ಧ ಛಾವಣಿಯ ಚಿತ್ರಗಳನ್ನು ಜನರಿಗೆ ತೋರಿಸಲಾಯಿತು. ತಾನು ಬರೆದದ್ದನ್ನು ಸುಮಾರು 20 ಮೀಟರ್ ಕೆಳಗಿನಿಂದ, ಅಟ್ಟಣಿಗೆಯ ಅಡ್ಡಿಯಿಲ್ಲದೆ, ಮೈಕೆಲೇಂಜೆಲೊ ಇಡಿಯಾಗಿ ಕಂಡದ್ದು ಆಗಲೇ. ಜಲಪ್ರಳಯದಲ್ಲಿ ಅರವತ್ತಕ್ಕೂ ಹೆಚ್ಚು ಆಕೃತಿಗಳಿವೆ. ಕೆಳಗಿನಿಂದ ಅವು ಇರುವೆಗಳ ಸಾಲಿನಂತೆ ಚಿಕ್ಕವಾಗಿ ಕಾಣುತ್ತವೆ. ಆ ಬಳಿಕದ ಭಾಗದಲ್ಲಿ ಆಕೃತಿಗಳು ಕಡಮೆಯಾದವು, ದೊಡ್ಡವಾದವು, ಕೈ ಚುರುಕಾಯಿತು. ಆದಾಮನ ಸೃಷ್ಟಿಗೆ 16 ದಿನ ಸಾಕಾಯಿತು. ದೇವರು ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸುವ ಚಿತ್ರದಲ್ಲಿನ ದೇವರ ಆಕೃತಿ ಒಂದೇ ದಿನದ ಕೆಲಸ. ಆದರೂ ಮೊದಲರ್ಧವನ್ನು ಕೆರೆದು ಎರಡನೆಯದಕ್ಕೆ ಹೊಂದಿಸುವ ಆಸೆಗೆ ಆತ ಬಲಿಯಾಗಲಿಲ್ಲ. 1512ರ ಅಕ್ಟೋಬರ್ 31ರಂದು, ಸಕಲ ಸಂತರ ಹಬ್ಬದ ಮುನ್ನಾದಿನ, ಪೂರ್ಣ ಛಾವಣಿ ತೆರೆಯಿತು. ಒಬ್ಬನೇ ಕಲಾವಿದ ನಡುದಾರಿಯಲ್ಲಿ ಕಲಿತದ್ದು ಅಲ್ಲಿ ಎಲ್ಲರಿಗೂ ಕಾಣುವಂತೆ ಉಳಿದಿದೆ. ಆ ಚಿಕ್ಕ ಆಕೃತಿಗಳ ಕಾರಣದಿಂದ ಛಾವಣಿಯನ್ನು ಕಡೆಗಣಿಸಿದವರುಂಟೇ?

ತಾಳ್ಮೆಯೊಂದೇ ಎಲ್ಲವನ್ನೂ ಗೆಲ್ಲುವುದೆನ್ನುವವರು ಅದೇ ಜಗದ್ಗುರುಗಳ ಸಮಾಧಿಯ ಕಥೆಯನ್ನೂ ಓದಬೇಕು. ನಲವತ್ತಕ್ಕೂ ಹೆಚ್ಚು ಪ್ರತಿಮೆಗಳ ಮಹಾ ಸಮಾಧಿಯೊಂದನ್ನು ನಿರ್ಮಿಸಲು 1505ರಲ್ಲಿ ಒಪ್ಪಿಕೊಂಡ ಮೈಕೆಲೇಂಜೆಲೊ, ಒಪ್ಪಂದದ ಮೇಲೆ ಒಪ್ಪಂದವಾಗಿ, ಯೋಜನೆ ಕುಗ್ಗುತ್ತ ಕುಗ್ಗುತ್ತ, 1545ರಲ್ಲಿ ಅದನ್ನು ಮುಗಿಸಿದ. ರೋಮಿನ ಸಂಕೋಲೆಗಳ ಸಂತ ಪೇತ್ರರ ದೇವಾಲಯದಲ್ಲಿ ಇಂದು ಕಾಣುವುದು ಗೋಡೆಗೆ ಒರಗಿದ ಒಂದು ಸಾಧಾರಣ ರಚನೆ, ಅದರ ನಡುವೆ ಅಸಾಧಾರಣನಾದ ಮೋಶೆ. ಯೌವನವನ್ನೆಲ್ಲ ಈ ಸಮಾಧಿಗೆ ಕಟ್ಟಿಹಾಕಿಕೊಂಡು ಕಳೆದೆನೆಂದು 1542ರ ಪತ್ರದಲ್ಲಿ ಆತನೇ ಗೋಳಾಡಿದ್ದಾನೆ. ಅದು ಬಿಡಬಹುದಾಗಿದ್ದ ಕೆಲಸವೂ ಅಲ್ಲ. ಹಣ ಪಡೆದಾಗಿತ್ತು, ಜಗದ್ಗುರುಗಳ ವಾರಸುದಾರರು ಬಿಡುವವರಾಗಿರಲಿಲ್ಲ.

ಇನ್ನು ಒಡೆದ ಕಲ್ಲಿನ ವಿಷಯ. ಎಪ್ಪತ್ತು ದಾಟಿದ ಮೇಲೆ ಮೈಕೆಲೇಂಜೆಲೊ, ಯಾರೂ ಕೇಳದಿದ್ದರೂ, ತನ್ನ ಸ್ವಂತ ಸಮಾಧಿಗೆಂದು ಒಂದು ಪಿಯೆತಾ ಕೆತ್ತತೊಡಗಿದ. ಶಿಲುಬೆಯಿಂದ ಇಳಿಸಿದ ಪ್ರಭು, ಅವರನ್ನು ಆತುಕೊಂಡ ಮಾತೆ, ಮಗ್ದಲದ ಮರಿಯ, ಹಿಂದೆ ನಿಂತ ನಿಕೊದೇಮ: ನಾಲ್ವರೂ ಒಂದೇ ಬಂಡೆಯಲ್ಲಿ. ನಿಕೊದೇಮನ ಮುಖ ಆತನದೇ ಮುಖ. ರಾತ್ರಿ ಕೆಲಸಕ್ಕೆಂದು ದಪ್ಪ ಕಾಗದದ ಟೊಪ್ಪಿಗೆ ಮಾಡಿಕೊಂಡು ಅದರ ನೆತ್ತಿಯಲ್ಲಿ ಮೇಣದಬತ್ತಿ ಸಿಕ್ಕಿಸಿಕೊಳ್ಳುತ್ತಿದ್ದನಂತೆ. ಒಂದು ರಾತ್ರಿ ವಸಾರಿ ಬಂದಾಗ ಆತ ಪ್ರಭುವಿನ ಕಾಲನ್ನು ತಿದ್ದುತ್ತಿದ್ದ. ವಸಾರಿ ಅತ್ತ ನೋಡುತ್ತಿರುವುದನ್ನು ಕಂಡು ದೀಪವನ್ನೇ ಕೆಳಗೆ ಬೀಳಿಸಿ ಕತ್ತಲೆ ಮಾಡಿದನಂತೆ. ಸರಿಹೋಗದ ಕೆಲಸವನ್ನು ಇತರರ ಕಣ್ಣಿನಿಂದ ಮರೆಮಾಚುವ ಆ ಸಂಕೋಚ ನಮ್ಮಲ್ಲಿ ಅನೇಕರಿಗೆ ಗೊತ್ತು.

1555ರ ಸುಮಾರಿಗೆ ಆತ ಆ ಶಿಲ್ಪವನ್ನು ಒಡೆದುಹಾಕಿದ. ಕಾರಣಗಳನ್ನು ವಸಾರಿ ಪಟ್ಟಿ ಮಾಡುತ್ತಾನೆ: ಕಲ್ಲು ವಿಪರೀತ ಗಡಸು, ಉಳಿ ತಾಗಿದರೆ ಕಿಡಿ ಹಾರುತ್ತಿತ್ತು; ಮಾತೆಯ ಮೊಣಕೈಯ ಚೂರೊಂದು ಹಾರಿಹೋಯಿತು; ಬೇಗ ಮುಗಿಸೆಂದು ಸೇವಕ ಉರ್ಬಿನೊ ದಿನವೂ ಕಾಡುತ್ತಿದ್ದ; ಎಲ್ಲಕ್ಕಿಂತ ಮಿಗಿಲಾಗಿ, ತಾನು ಮಾಡಿದ್ದು ಯಾವುದೂ ಆತನಿಗೆ ಹಿಡಿಸುತ್ತಿರಲಿಲ್ಲ. ಉರ್ಬಿನೊನ ಪಾಲಿನ ಆರೋಪವನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಮನೆಯವರು ಕಾಡಿದ್ದರಿಂದ ಕೆಲಸ ಕೆಟ್ಟಿತೆನ್ನುವುದು ಎಲ್ಲ ಕಾಲದ ಕಲಾವಿದರ ಮಾತು. ಆದರೆ ಕಲ್ಲಿನ ವಿಷಯದಲ್ಲಿ ಮುದುಕನ ಮಾತು ನಿಜವಾಗಿತ್ತು. ಫ್ಲೋರೆನ್ಸಿನಲ್ಲಿ 2019ರಿಂದ 2021ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಆ ಅಮೃತಶಿಲೆಯನ್ನು ಪರೀಕ್ಷಿಸಿದಾಗ, ಅದು ಸೆರಾವೆಝಾದ ಗಣಿಯದೆಂದೂ, ಅದರೊಳಗೆ ಪೈರೈಟ್ ಖನಿಜದ ತುಣುಕುಗಳೂ ಕಣ್ಣಿಗೆ ಕಾಣದ ಅನೇಕ ಬಿರುಕುಗಳೂ ಇವೆಯೆಂದೂ ತಿಳಿದುಬಂತು. ಸುತ್ತಿಗೆಯ ಪೆಟ್ಟಿನ ಗುರುತು ಮಾತ್ರ ಸಿಗಲಿಲ್ಲ. ಆಮೇಲೆ ದುರಸ್ತಿ ಮಾಡಿದವನ ಉಳಿ ಅದನ್ನು ಅಳಿಸಿರಲೂಬಹುದು. ಸಿಸ್ಟೈನಿನ ಗಾರೆಯನ್ನು ಬದಲಿಸಬಹುದಾಗಿತ್ತು. ಒಳಗೇ ಬಿರುಕಿದ್ದ ಈ ಬಂಡೆಗೆ ಯಾವ ಸಂಗಾಲ್ಲೊನೂ ಮದ್ದು ಹೇಳಲಾರ. ಕೈಬಿಟ್ಟದ್ದು ಇಲ್ಲಿ ಸೋಲಲ್ಲವೆಂಬುದು ನಮ್ಮ ಅಭಿಪ್ರಾಯ. ಚೂರುಗಳನ್ನು ಫ್ರಾಂಚೆಸ್ಕೊ ಬಂದೀನಿ ಎಂಬ ಮಿತ್ರನಿಗೆ ಕೊಟ್ಟುಬಿಟ್ಟ. ಯುವ ಶಿಲ್ಪಿ ತಿಬೇರಿಯೊ ಕಲ್ಕಾಞಿ ಅವನ್ನು ಜೋಡಿಸಿದ. ಪ್ರಭುವಿನ ಎಡಗಾಲು ಇಂದಿಗೂ ಇಲ್ಲ.

ಅದೇ ವರ್ಷಗಳಲ್ಲಿ ಆತನ ಹೆಗಲ ಮೇಲೆ ಸಂತ ಪೇತ್ರರ ಮಹಾದೇವಾಲಯವೂ ಇತ್ತು. 1506ರಲ್ಲಿ ಬ್ರಮಾಂತೆಯ ನಕ್ಷೆಯಂತೆ ಅಡಿಗಲ್ಲು ಹಾಕಿದ ಆ ಕಟ್ಟಡ ಕೈಯಿಂದ ಕೈಗೆ ಸಾಗಿ, 1546ರಲ್ಲಿ ಕಿರಿಯ ಅಂತೋನಿಯೊ ದ ಸಂಗಾಲ್ಲೊ ತೀರಿಕೊಂಡಾಗ ಮೈಕೆಲೇಂಜೆಲೊನ ಪಾಲಿಗೆ ಬಂತು. ಈ ಅಂತೋನಿಯೊ, ಬೂಷ್ಟಿಗೆ ಮದ್ದು ಹೇಳಿದ್ದ ಜುಲಿಯಾನೊನ ಸೋದರಿಯ ಮಗನೇ. ಅವನು ವರ್ಷಗಟ್ಟಲೆ ಕೂತು ಮಾಡಿಸಿದ ಮರದ ಬೃಹತ್ ಮಾದರಿ ಇಂದಿಗೂ ಇದೆ. ಅದನ್ನು ನೋಡಿದ ಮೈಕೆಲೇಂಜೆಲೊ, ಹೊರಸುತ್ತಿನ ಗೋಡೆ ಒಳಗಿನ ಬೆಳಕನ್ನೇ ತಡೆಯುತ್ತದೆ, ಕಳ್ಳರೂ ಖೋಟಾ ನಾಣ್ಯದವರೂ ಅಡಗಲು ಕತ್ತಲೆ ಮೂಲೆಗಳಾಗುತ್ತವೆ ಎಂದು ಪತ್ರ ಬರೆದ. ಕಟ್ಟಿಯಾಗಿದ್ದ ಆ ಗೋಡೆಗಳನ್ನು ಕೆಡವಿಸಿದ. ಆದರೆ ಬ್ರಮಾಂತೆಯ ನಾಲ್ಕು ಮಹಾಸ್ತಂಭಗಳನ್ನು ಉಳಿಸಿಕೊಂಡ. ಆ ಮೊದಲ ನಕ್ಷೆಯಿಂದ ದೂರ ಸರಿದವರು ಸತ್ಯದಿಂದ ದೂರ ಸರಿದರೆಂದೂ ಹೇಳಿದ. ಬದುಕಿದ್ದಾಗ ಬ್ರಮಾಂತೆಗೂ ಆತನಿಗೂ ಅಷ್ಟಕ್ಕಷ್ಟೇ ಆಗಿತ್ತೆಂಬುದನ್ನು ನೆನೆದರೆ ಈ ಮಾತಿನ ಬೆಲೆ ಹೆಚ್ಚುತ್ತದೆ. ಈ ಸೇವೆಗೆ ಆತ ಸಂಬಳ ಸ್ವೀಕರಿಸಲಿಲ್ಲ. 1557ರಲ್ಲಿ, 82ರ ವಯಸ್ಸಿನಲ್ಲಿ, ಒಂದು ಬದಿಯ ಕಮಾನನ್ನು ಮೇಸ್ತ್ರಿ ತಪ್ಪಾಗಿ ಕಟ್ಟಿಬಿಟ್ಟಾಗ ಅದಷ್ಟನ್ನೇ ಬಿಚ್ಚಿಸಿ ಮತ್ತೆ ಕಟ್ಟಿಸಿದ. ಗುಮ್ಮಟ ಮುಗಿದದ್ದು ಆತ ತೀರಿಕೊಂಡು 26 ವರ್ಷಗಳ ಬಳಿಕ, 1590ರಲ್ಲಿ.

ಕೊನೆಯ ಕಲ್ಲು ಮಿಲಾನ್ ನಗರದಲ್ಲಿದೆ. ರೊಂದನೀನಿ ಪಿಯೆತಾ ಎಂದು ಅದಕ್ಕೆ ಹೆಸರು. 1952ರಲ್ಲಿ ಆ ನಗರಸಭೆ ಕೊಂಡುಕೊಂಡ ಶಿಲ್ಪವನ್ನು ಸ್ಫೋರ್ಝಾ ಕೋಟೆಯೊಳಗೆ 2015ರಿಂದ ಪ್ರತ್ಯೇಕ ಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಫ್ಲೋರೆನ್ಸಿನ ಶಿಲ್ಪ ಒಡೆದ ಕಾಲದ ಆಸುಪಾಸಿನಲ್ಲೇ ಮೈಕೆಲೇಂಜೆಲೊ ಇದನ್ನು ಕೈಗೆತ್ತಿಕೊಂಡಿದ್ದ. ಮಾತೆ ನಿಂತಿದ್ದಾರೆ, ಮಗನ ದೇಹವನ್ನು ಹಿಂದಿನಿಂದ ಎತ್ತಿ ಹಿಡಿದಿದ್ದಾರೆ. ಮೊದಲು ಕೆತ್ತಿದ ಪ್ರಭುವಿನ ದೇಹ ಸಾಕಷ್ಟು ಮುಂದುವರಿದಿತ್ತು. ಆತ ಅದನ್ನು ಕೆತ್ತಿ ತೆಗೆದ. ಹೊಸ ಬಂಡೆ ತರಿಸಲಿಲ್ಲ. ಮಾತೆಯ ಆಕೃತಿಗೆಂದು ಬಿಟ್ಟಿದ್ದ ಕಲ್ಲಿನಿಂದಲೇ ಮಗನ ಹೊಸ ದೇಹವನ್ನು ತೆಗೆಯತೊಡಗಿದ. ಆದ್ದರಿಂದ ಇಬ್ಬರೂ ಒಬ್ಬರೊಳಗೊಬ್ಬರು ಬೆರೆತಂತೆ ಕಾಣುತ್ತಾರೆ. ಯಾರು ಯಾರನ್ನು ಹೊತ್ತಿದ್ದಾರೆಂದು ಹೇಳುವುದೇ ಕಷ್ಟ. ನಯಗೊಳಿಸಿದ ಹಳೆಯ ಕಾಲುಗಳು ಕೆಳಗೆ ಹಾಗೆಯೇ ಇವೆ; ಮೇಲಿನ ಭಾಗದಲ್ಲಿ ಉಳಿಯ ಗೆರೆಗಳು ತುಂಬಿವೆ.

1564ರ ಫೆಬ್ರವರಿ 12ರ ಶನಿವಾರ, ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳಲ್ಲಿ, ಮೈಕೆಲೇಂಜೆಲೊ ದಿನವಿಡೀ ನಿಂತು ಈ ಕಲ್ಲಿನಲ್ಲಿ ಕೆಲಸ ಮಾಡಿದನೆಂದು ಶಿಷ್ಯ ದಾನಿಯೇಲೆ ದ ವೊಲ್ತೆರ್ರಾ ಆತನ ಸೋದರನ ಮಗನಿಗೆ ಬರೆದಿದ್ದಾನೆ. ಮುಂದಿನ ಶುಕ್ರವಾರ ಸಂಜೆ ಆತ ತೀರಿಕೊಂಡ. 89 ತುಂಬಲು ಇನ್ನು ಮೂರು ವಾರವೂ ಇರಲಿಲ್ಲ. ಕೆತ್ತಿ ತೆಗೆದ ಮೊದಲ ಪ್ರಭುವಿನ ಬಲತೋಳು ಮಾತ್ರ, ದೇಹದಿಂದ ಬೇರೆಯಾಗಿ, ಒಂದು ಚಿಕ್ಕ ಕಲ್ಲಿನ ಆಸರೆಯಲ್ಲಿ ಇಂದಿಗೂ ಅಲ್ಲಿ ನಿಂತಿದೆ.